ಅವ್ವನ ಅಳತೆಯ ಪಿಕಪ್

ಅಮೃತೇಶ ಫೋನಿನಲ್ಲಿ ಆ ಮಾತು ಆಡಿದ ಹೊತ್ತಿಗೆ ಪಿಕಪ್ಪಿನ ಇಂಜಿನ್ನು ಬಚ್ಚಲುಮನೆಯ ಪಕ್ಕ ಗೋಣಿಚೀಲದ ಮೇಲೆ ಬಿಚ್ಚಿ ಹರಡಿತ್ತು. ನಾಲ್ಕು ಚಕ್ರಗಳು ಹಿತ್ತಿಲಿನ ಹುಣಸೆಮರಕ್ಕೆ ಒರಗಿದ್ದವು. ಮಿಕ್ಕಿದ್ದು ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ನಿಂತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಅವನ ಮಾತು ಕೇಳಿದವರಿಗೆ ಗಾಡಿ ಬಾಗಿಲಲ್ಲಿ ಸ್ಟಾರ್ಟ್ ಆಗಿ ನಿಂತಿದೆ ಎನ್ನಿಸುವಂತಿತ್ತು.

ಫೋನು ಮಾಡಿದ್ದವನು ತಿ. ನರಸೀಪುರದ ಶಿವರಾಜು, ಅಮೃತೇಶನ ಚಿಕ್ಕವ್ವ ದೇವೀರಮ್ಮನ ಮಗ. ಮೂರಂತಸ್ತಿನ ಹೊಸ ಮನೆ ಕಟ್ಟಿಸಿದ್ದ.

"ಅಮೃತೇಶ, ಮುಂದಿನ ತಿಂಗಳು ಎರಡನೇ ಸೋಮ್ವಾರ ಗೃಹಪ್ರವೇಶ ಕಣಪ್ಪ. ದೊಡ್ಡವ್ವನ್ನ ಕರ್ಕಬರ್ಲೇಬೇಕು. ಅಕ್ಕ ಬರ್ದೆ ನಾನು ಹಾಲು ಉಕ್ಸಾಕಿಲ್ಲ ಅಂತ ನಮ್ಮವ್ವ ಹಟ ಹಿಡ್ಕಂಡು ಕುಂತದೆ. ನಿನ್ ತಾವ ಏನದೆ, ಆ ಸ್ಕೂಟ್ರು ತಾನೆ? ನಾನೇ ಕಾರು ಕಳಿಸ್ತೀನಿ ಬುಡು."

ಸ್ಕೂಟರನ್ನು 'ಆ ಸ್ಕೂಟ್ರು' ಎಂದದ್ದು ಅಮೃತೇಶನಿಗೆ ತಾಗಿತು.

"ಬ್ಯಾಡ ಶಿವರಾಜಣ್ಣ. ಅವ್ವನ್ನ ನಮ್ಮ ಗಾಡೀಲೇ ಕರ್ಕಬತ್ತೀನಿ."

"ಯಾವ ಗಾಡಿ?"

"ಪಿಕಪ್ಪು. ಅರವತ್ತೆಂಟರ ಮಾಡಲ್ಲು. ಕ್ಲಾಸಿಕ್ಕು."

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಅಮೃತೇಶ ಫೋನಿಟ್ಟು ತಿರುಗಿದರೆ ಹೆಂಡತಿ ನಂದಿತಾ ಬಾಗಿಲಲ್ಲಿದ್ದಳು.

"ರೀ, ಒಂದು ಮಾತು ಹೇಳ್ತೀನಿ, ಬರ್ಕೊಳ್ಳಿ. ಆ ಸೋಮವಾರ ಹಾಲು ಉಕ್ಕಿಸೋ ಹೊತ್ತಿಗೆ ಅತ್ತೆ ಆ ಗಾಡೀಲಿ ಕೂತು ನರಸೀಪುರಕ್ಕೆ ಬಂದ್ರೆ ಸರಿ. ಬರಲಿಲ್ಲ ಅಂದ್ರೆ ಮಂಗಳವಾರ ಬೆಳಗ್ಗೆ ನಂಜನಗೂಡಿನ ಗುಜರಿಯವನು ಬರ್ತಾನೆ. ನಾನು ಅಂಗಳಕ್ಕೆ ರಂಗೋಲಿ ಬಿಟ್ಟು ಮೂರು ತಿಂಗಳಾಯ್ತು."

ಅಮೃತೇಶ ಬರೆದುಕೊಂಡ. ಅವನು ಹುಲ್ಲಹಳ್ಳಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಹಗಲು ಕೆಲಸ, ರಾತ್ರಿ ಬಸ್ಸು, ನಡುವೆ ಸಂಜೆ ಕಾಲೇಜು ಎಂದು ಐದು ವರ್ಷ ತಿರುಗಿ ಬಿ.ಕಾಂ. ಮಾಡಿಕೊಂಡವನು. ಹಾಗೆ ಓದಿದವರಿಗೆ ತಮ್ಮ ತಲೆಯ ಮೇಲೆ ಪೂರ್ತಿ ನಂಬಿಕೆ ಇರುವುದಿಲ್ಲ, ಪುಸ್ತಕದ ಮೇಲೆ ಇರುತ್ತದೆ. ಪಿಕಪ್ಪಿಗೆಂದೇ ಅವನಲ್ಲಿ ಒಂದು ನೋಟುಪುಸ್ತಕವಿತ್ತು. ಮೂರು ಕಾಲಂ: ಕ್ರಮ ಸಂಖ್ಯೆ, ವಿವರ, ದಿನಾಂಕ. ಬಿಚ್ಚಿದ ಪ್ರತಿ ಬೋಲ್ಟಿಗೂ ಒಂದು ಸಾಲು. ನೂರ ಎಂಬತ್ತಾರು ಸಾಲು ತುಂಬಿದ್ದವು.

ಗಾಡಿ ಬಂದದ್ದು ಕವಲಂದೆಯ ಸಿದ್ದಮಲ್ಲಪ್ಪನವರ ಕೊಟ್ಟಿಗೆಯ ಹಿಂದಿನಿಂದ. ಜೀಪಿನಂಥ ಮೂತಿ, ಹಿಂದೆ ಕಬ್ಬಿಣದ ತೊಟ್ಟಿ. ಸಿದ್ದಮಲ್ಲಪ್ಪನವರ ಅಣ್ಣ ಶಿವಮಲ್ಲಪ್ಪನವರು ಒಂದು ಕಾಲದಲ್ಲಿ ಅದರಲ್ಲಿ ಬೆಲ್ಲ ಸಾಗಿಸುತ್ತಿದ್ದರಂತೆ. ಕಳೆದ ಇಪ್ಪತ್ತೆರಡು ವರ್ಷ ಅದರಲ್ಲಿ ನೆರೆಮನೆಯ ಕೋಳಿಗಳು ಮೊಟ್ಟೆ ಇಟ್ಟಿದ್ದವು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆತಂದ ದಿನ ಡ್ರೈವರ್ ಸೀಟಿನ ಕೆಳಗೆ ಒಂದು ಹೇಟೆ ಇನ್ನೂ ಕಾವು ಕೂತಿತ್ತು. ಅದನ್ನು ಬಸ್ಸಿನಲ್ಲಿ ವಾಪಸ್ಸು ಮುಟ್ಟಿಸಿ ಬಂದಿದ್ದ ಅಮೃತೇಶ. ಅಂಥ ಮನುಷ್ಯ.

ಇಂಜಿನ್ನು ಮೂರು ವಾರದಲ್ಲಿ ಒಳಗೆ ಕೂತಿತು. ಎರಡು ಬೋಲ್ಟು ಮಿಕ್ಕವು. ನೋಟುಪುಸ್ತಕದ ಪ್ರಕಾರ ಮಿಗಬಾರದಿತ್ತು, ಗಾಡಿಯ ಪ್ರಕಾರ ತೊಂದರೆ ಇರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದಾಗ ಅದು ಒಮ್ಮೆ ಕೆಮ್ಮಿ, ಕೋಳಿಪುಕ್ಕ ಉಗುಳಿ, ಗುಡುಗುಡು ಎಂದು ಹತ್ತಿಕೊಂಡಿತು. ಕಷ್ಟ ಬಂದದ್ದು ಅಲ್ಲಲ್ಲ, ಅವ್ವನಲ್ಲಿ.

ಚನ್ನಾಜಮ್ಮನಿಗೆ ಎಂಬತ್ತೊಂದು. ಆಳು ಗಟ್ಟಿ, ತೂಕವೂ ಗಟ್ಟಿ, ಮಂಡಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಬಗ್ಗಿ ಕಾರಿನೊಳಗೆ ನುಗ್ಗಲಾರಳು. ನುಗ್ಗಿಸಿದರೂ ಮುಚ್ಚಿದ ಗಾಡಿಯಲ್ಲಿ ಮೊದಲ ತಿರುವಿಗೇ ವಾಂತಿ. ಹೀಗಾಗಿ ಆರು ವರ್ಷದಿಂದ ಅವಳು ಗೇಟು ದಾಟಿರಲಿಲ್ಲ. ತಂಗಿಯ ಮುಖವನ್ನು ಅಂಗೈಯಗಲದ ಫೋನಿನಲ್ಲಿ ನೋಡಿ, "ಇವ್ಳು ದೇವೀರಿ ಅಲ್ಲ ಕಣ್ಲಾ, ಯಾರೋ ಮುದುಕಿ," ಎನ್ನುತ್ತಿದ್ದಳು.

ಪಿಕಪ್ಪಿನ ಮುಂಭಾಗಕ್ಕೂ ಅವಳು ಹತ್ತಲಾರಳು. ಉಳಿದದ್ದು ಹಿಂದಿನ ತೊಟ್ಟಿ. ಅಮೃತೇಶ ಕಸ್ಟಮೈಸ್ ಮಾಡುವ ವಿಡಿಯೋಗಳನ್ನು ಹದಿನೈದು ದಿನ ನೋಡಿದ್ದ. ಅವುಗಳಲ್ಲಿ ಜನ ತೊಟ್ಟಿಗೆ ಸ್ಪೀಕರ್ ಹಾಕಿಸುತ್ತಿದ್ದರು, ನಾಯಿ ಕಟ್ಟುತ್ತಿದ್ದರು. ಅವ್ವನನ್ನು ಕೂರಿಸುವ ವಿಡಿಯೋ ಇರಲಿಲ್ಲ. ಅವನೇ ಯೋಚಿಸಬೇಕಾಯಿತು. ಅನಾಹುತ ಶುರುವಾದದ್ದು ಅಲ್ಲಿಂದ.

ಸಂಘದ ಹಳೆಯ ಅಧ್ಯಕ್ಷರ ಬೀಟೆಮರದ ಕುರ್ಚಿ ಹರಾಜಿಗೆ ಬಂದಿತ್ತು. ಎತ್ತರದ ಬೆನ್ನು, ಅಗಲದ ಕೈ. ಅದನ್ನು ತೊಟ್ಟಿಯ ನಟ್ಟನಡುವೆ ಬೋಲ್ಟ್ ಹಾಕಿ ಕೂರಿಸಿದ. ಬಿಸಿಲಾದರೆ ಎಂದು ನೆರಳು ಬೇಕೆನ್ನಿಸಿ ಬಸ್‌ಸ್ಟ್ಯಾಂಡಿನ ವೆಲ್ಡರ್ ಚಿಕ್ಕಮಾದುವನ್ನು ಕರೆದ. ಚಿಕ್ಕಮಾದುವಿಗೆ ಕಮಾನು ಬಿಟ್ಟು ಬೇರೆ ಆಕಾರ ಬಾರದು. ಊರಿನ ಮುಕ್ಕಾಲು ಗೇಟುಗಳ ಮೇಲೆ ಅವನದೇ ಕಮಾನು. ನಾಲ್ಕು ಮೂಲೆಗೆ ನಾಲ್ಕು ಪೈಪು ನಿಲ್ಲಿಸಿ, ಬಗ್ಗಿಸಿ, ತಲೆಯ ಮೇಲೆ ಕೂಡಿಸಿದ.

"ಮ್ಯಾಲೆ ಬೋಳಾಗಿ ಕಾಣ್ತದೆ ಸಾ," ಎಂದು ತಾನೇ ಒಂದು ಹಿತ್ತಾಳೆ ಕಳಸವನ್ನೂ ಕೂರಿಸಿದ. "ಇದ್ಕೆ ಏನೂ ಕೊಡ್ಬ್ಯಾಡಿ, ನನ್ ಖುಷಿಗೆ."

ಟಾರ್ಪಾಲು ಶಾಖ ಹಿಡಿಯುತ್ತದೆ ಎಂದು ಓದಿದ್ದರಿಂದ ಮೇಲೆ ಬಿಳಿಯ ಬಟ್ಟೆ ಹೊದಿಸಲಾಯಿತು. ಬ್ರೇಕ್ ಹಾಕಿದರೆ ಅವ್ವ ಮುಂದಕ್ಕೆ ಬಿದ್ದಾಳು ಎಂದು ಎದೆಗೆ ಒಂದು ಬೆಲ್ಟು. ಜಾರಿದರೆ ಎಂದು ಸೊಂಟಕ್ಕೊಂದು. ತಲೆ ವಾಲದಂತೆ ಹಿಂದೆ ದಿಂಬು, ಹಣೆಗೆ ಒಂದು ಮೆತ್ತನೆಯ ಪಟ್ಟಿ. ತೊಟ್ಟಿಯಿಂದ ಕೂಗಿದರೆ ಇಂಜಿನ್ನಿನ ಸದ್ದಿನಲ್ಲಿ ಮುಂದೆ ಕೇಳುವುದಿಲ್ಲವಲ್ಲ? ಅದಕ್ಕೆ ಕಮಾನಿನಿಂದ ಒಂದು ಕಂಚಿನ ಗಂಟೆ ಇಳಿಬಿಟ್ಟು ಹಗ್ಗವನ್ನು ಕುರ್ಚಿಯ ಕೈಗೆ ಕಟ್ಟಿದ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ನಿಧಾನ, ಮೂರು ಸಲ ಎಲೆ ಅಡಿಕೆ. ನೋಟುಪುಸ್ತಕದಲ್ಲಿ ಇದೂ ಇತ್ತು.

ನಂಜನಗೂಡಿನ ಕಡೆ ಅಮೃತೇಶನ ಜನ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಬಳಿದು, ಕುರ್ಚಿಯಂಥ ಪೀಠದಲ್ಲಿ ನೆಟ್ಟಗೆ ಕೂರಿಸಿ, ವಾಲದಂತೆ ಕಟ್ಟಿ, ಮೇಲೆ ಕಮಾನಿನ ಮಂಟಪ ಮಾಡಿ, ಹೂ ಮುಡಿಸಿ, ಗಂಟೆ ಬಾರಿಸುತ್ತ ಕರೆದೊಯ್ಯುತ್ತಾರೆ. ಇದು ಅಮೃತೇಶನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅವನ ಅಪ್ಪನನ್ನು ಹಾಗೆಯೇ ಒಯ್ದದ್ದು, ಮುಂದಿನ ಬಲಗಡೆ ಹೆಗಲು ಕೊಟ್ಟವನು ಅವನೇ. ಆದರೆ ಒಂದು ವಸ್ತುವನ್ನು ನಾಲ್ಕು ತಿಂಗಳು ಸ್ಪ್ಯಾನರ್ ಹಿಡಿದು ಒಳಗಿನಿಂದ ನೋಡಿದವನಿಗೆ ಬೋಲ್ಟು ಕಾಣುತ್ತದೆ, ಆಕಾರ ಕಾಣುವುದಿಲ್ಲ. ಆಕಾರ ಕಂಡದ್ದು ಪಕ್ಕದ ಮನೆಯ ಜವರಯ್ಯನಿಗೆ.

ಜವರಯ್ಯ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಊರೂರಿನ ಹೆಸರು ಕೂಗಿದ ಗಂಟಲು. ಸುಮ್ಮನಿರುವುದು ಅದಕ್ಕೆ ಅಭ್ಯಾಸವಿರಲಿಲ್ಲ. ಒಂದು ಬೆಳಗ್ಗೆ ಕಾಂಪೌಂಡಿನ ಮೇಲಿಂದ ನೋಡಿದರೆ ಅಮೃತೇಶ ಟೇಪು ಹಿಡಿದು ಜಗಲಿಯ ಮೇಲೆ ಕೂತ ತಾಯಿಯನ್ನು ಅಳೆಯುತ್ತಿದ್ದ.

"ನೆಟ್ಟಗೆ ಕುಂತ್ಕೊ ಅವ್ವ."

"ಇದ್ಕಿಂತ ನೆಟ್ಟಗೆ ನಿಮ್ಮಪ್ಪನೂ ನನ್ನ ಕುಂಡ್ರುಸ್ಲಿಲ್ಲ ಕಣ್ಲಾ. ಬಿರ್ನೆ ಮುಗ್ಸು, ರೊಟ್ಟಿ ಆರ್ತಾ ಅದೆ."

ಜವರಯ್ಯ ಟೇಪನ್ನು ನೋಡಿದ. ಪಿಕಪ್ಪನ್ನು ನೋಡಿದ. ಕುರ್ಚಿ, ಕಮಾನು, ಬಿಳಿ ಬಟ್ಟೆ, ಗಂಟೆ, ಕಳಸ.

"ಅಮೃತೇಶ," ಎಂದ, ಎಂದೂ ಇಲ್ಲದ ಮೆಲುದನಿಯಲ್ಲಿ. "ಇದೇನಪ್ಪ ಇದು?"

ಅಮೃತೇಶ ಗೋಡೆಯ ಹತ್ತಿರ ಬಂದ. ಗಾಡಿ ಅಷ್ಟು ದೂರ ಹೋಗುವುದೋ ಇಲ್ಲವೋ ಎಂಬ ಅಂಜಿಕೆಯಿಂದ ಅವನು ಪ್ರಯಾಣದ ವಿಷಯ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

"ಅವ್ವನ್ಗೆ ಅಂತ ಒಂದು ಏರ್ಪಾಡು ಜವರಣ್ಣ. ಸೋಮ್ವಾರದೊಳ್ಗೆ ಎಲ್ಲ ರೆಡಿ ಆಗ್ಬೇಕು. ಸದ್ಯ ಯಾರ್ಗೂ ಏಳ್ಬ್ಯಾಡಿ."

"ಸೋಮ್ವಾರಾನಾ? ಅದೆಂಗಪ್ಪ ಅಷ್ಟು ಗ್ಯಾರಂಟಿ?"

"ಅಯ್ನೋರು ನೋಡಿ ಏಳವ್ರೆ. ಹತ್ತೂಕಾಲ್ರೊಳ್ಗೆ."

"ಶಿವನೇ! ಡಾಕ್ಟ್ರು?"

"ಅವ್ರನ್ನೂ ಕೇಳ್ದೆ. ಇನ್ಯಾಕೆ ತಡ್ಯೋದು, ಅವರಾಸೆ ನಡ್ಸಿ ಅಂದ್ರು."

"ಅವ್ವನ್ಗೆ ಗೊತ್ತಾ?"

"ಗೊತ್ತು. ಖುಷೀಲವ್ಳೆ. ಒಸಾ ಸೀರೆ ತಗ್ಸಿ ಮಡ್ಗವ್ಳೆ."

ಜವರಯ್ಯ ಗೋಡೆ ಹಿಡಿದುಕೊಂಡ. ಯಾರಿಗೂ ಹೇಳಬೇಡಿ ಎಂದದ್ದನ್ನು ಅವನು ಪಾಲಿಸಿದ. ಯಾರಿಗೂ ಹೇಳಬೇಡಿ ಎಂದು ಸೇರಿಸಿಯೇ ಹೇಳಿದ, ಒಬ್ಬೊಬ್ಬರಿಗೂ.

ಮರುದಿನದಿಂದ ಚನ್ನಾಜಮ್ಮನನ್ನು ನೋಡಲು ಜನ ಬರತೊಡಗಿದರು. ಬಾಳೆಹಣ್ಣು, ಎಳನೀರು, ಬಿಸ್ಕತ್ತು. ಎಲ್ಲರೂ ಚಪ್ಪಲಿ ಗೇಟಿನ ಹೊರಗೆ ಬಿಟ್ಟು, ಪಿಕಪ್ಪಿನ ಮುಂದೆ ಒಂದು ಕ್ಷಣ ತಲೆ ತಗ್ಗಿಸಿ ಒಳಗೆ ಬರುತ್ತಿದ್ದರು. ತನ್ನ ಗಾಡಿಗೆ ಇಷ್ಟು ಗೌರವ ಸಿಕ್ಕೀತೆಂದು ಅಮೃತೇಶ ಎಣಿಸಿರಲಿಲ್ಲ. ಬಂದವರಿಗೆ ಬಾನೆಟ್ಟು ಎತ್ತಿ ಕಾರ್ಬುರೇಟರ್ ತೋರಿಸುತ್ತಿದ್ದ. ಅವರು ಅವನ ಬೆನ್ನು ಸವರುತ್ತಿದ್ದರು.

ಮೂಲೆಮನೆಯ ಮಂಚಮ್ಮ ಒಂದು ಹಿತ್ತಾಳೆ ಚೊಂಬು ತಂದು ಮುಂದಿಟ್ಟಳು. "ಅಕ್ಕಯ್ಯ, ನಮ್ ಕೋಮಲನ ಬಾಣಂತನದಾಗೆ ಈಸ್ಕಂಡಿದ್ದೆ. ಇವತ್ತು ಕೊಡ್ಮ ಅಂತ ಬಂದೆ."

"ಕೋಮಲನ ಮಗ ಕಾಲೇಜ್ಗೆ ಓಯ್ತಾನಲ್ಲೇ ಮಂಚಿ?"

"ಊಂ ಅಕ್ಕಯ್ಯ. ಮನಸ್ನಾಗೆ ಏನೂ ಮಡೀಕಬ್ಯಾಡ."

ಸಂಜೆ ಹಾಲಿನ ರಘು ಬಂದವನು ಕ್ಯಾನು ಕೆಳಗಿಟ್ಟು ಸೀದಾ ಕಾಲಿಗೆ ಬಿದ್ದ.

"ಅವ್ವಾ, ಎಂಟು ವರ್ಸದಿಂದ ನಿಮ್ ಹಾಲ್ಗೆ ನೀರು ಆಕಿವ್ನಿ. ಕ್ಷಮಿಸ್ಬುಡಿ."

"ಅದ್ ಗೊತ್ತಿರೋದೇ ಕಣ್ಲಾ," ಎಂದಳು ಚನ್ನಾಜಮ್ಮ. "ನಲ್ಲಿ ನೀರೋ ನಾಲೆ ನೀರೋ, ಅದೊಂದು ಏಳು. ಒಂದ್ ಕಿತ ಕಪ್ಪೆಮರಿ ಇತ್ತು."

ಅಂದಿನಿಂದ ಬಂದ ಹಾಲಿನಲ್ಲಿ ಬೆರಳುದ್ದ ಕೆನೆ ಕಟ್ಟಿತು. ಹಾಲು, ಹಣ್ಣು, ಬಿಸ್ಕತ್ತು ಸೇರಿ ಅವ್ವ ದುಂಡಗಾದಳು. ಎದೆಯ ಬೆಲ್ಟಿಗೆ ಇನ್ನೊಂದು ತೂತು ಕೊರೆಸಬೇಕಾಯಿತು. ಅಮೃತೇಶ ಮತ್ತೊಮ್ಮೆ ಟೇಪು ಹಿಡಿದ. ಜವರಯ್ಯ ಮತ್ತೊಮ್ಮೆ ನೋಡಿದ.

"ಜನ ಯಾಕ್ರೀ ಇದ್ದಕ್ಕಿದ್ದಂಗೆ ಇಷ್ಟು ಒಳ್ಳೆಯವರಾದ್ರು?" ಎಂದಳು ನಂದಿತಾ. "ನನಗ್ಯಾಕೋ ಸರಿ ಕಾಣ್ತಿಲ್ಲ. ಜವರಣ್ಣ ಬೇರೆ, ಏನಾದ್ರೂ ಬೇಕಾಗ್ತದೆ ಅಂತ ಶಿವರಾಜು ಭಾವನ ನಂಬರು ಬರ್ಕೊಂಡು ಹೋದ್ರು."

"ಹಳೇ ಗಾಡಿ ಅಂದ್ರೆ ಹಾಗೇ ನಂದಿತಾ. ಜನರ ಮನಸ್ಸು ಕರಗ್ತದೆ. ವಿಡಿಯೋದಲ್ಲೂ ಹೇಳ್ತಾರೆ."

ಶನಿವಾರ ಕವಲಂದೆಯಿಂದ ಸಿದ್ದಮಲ್ಲಪ್ಪನವರೇ ಬಸ್ಸಿನಲ್ಲಿ ಬಂದರು. ಗಾಡಿಯ ಸುತ್ತ ಮೂರು ಸುತ್ತು ಬಂದು, ಕಮಾನು ಅಲ್ಲಾಡಿಸಿ ನೋಡಿ, ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಒಳ್ಳೆ ಕೆಲ್ಸ ಮಾಡ್ದೆ ಕಣಪ್ಪ. ನಮ್ಮ ಕೊಟ್ಟಿಗೇಲಿ ಬಿದ್ದಿದ್ದು, ಇವತ್ತು ಎಂಥಾ ಸೇವೆಗೆ ಬಂತು! ಈಗ ನಮ್ಮಣ್ಣನ್ದೂ ಒಂದು ಮಾತದೆ. ತೊಂಬತ್ತೆರಡು. ಆರು ತಿಂಗ್ಳಾತು, ಆಸ್ಗೆ ಬುಟ್ಟು ಎದ್ದಿಲ್ಲ. ಗಾಡಿ ಅವರ್ದೇ ಅಲ್ವಾ, ಅವರ್ಗೂ ಇದನ್ನೇ ಕೊಡ್ಬೇಕು."

ಅಮೃತೇಶ ನೋಟುಪುಸ್ತಕ ತೆರೆದ. "ಖಂಡಿತ ಕೊಡ್ತೀನಿ. ಯಾವತ್ತು ಬೇಕು ಏಳಿ, ಬರ್ಕೋತೀನಿ."

"ಯಾವತ್ತು ಅಂತ ನಾನ್ ಎಂಗಪ್ಪ ಏಳ್ಳಿ?"

"ಸರಿ ಬುಡಿ, ಒಂದಿನ ಮುಂಚೆ ಒಂದು ಫೋನ್ ಮಾಡಿ ಸಾಕು. ಮೊದ್ಲು ಒಂದ್ಸಲ ಕುಂತು ನೋಡ್ಲಿ. ಬೆಲ್ಟು ಬಿಗಿ ಆದ್ರೆ ಸಡಿಲ ಮಾಡ್ಮ. ದಾರೀಲಿ ಸುಸ್ತು ಅಂದ್ರೆ ಒಸಿ ನಿಲ್ಸಿ ಕಾಫಿ ಕುಡ್ಸಿ ಕರ್ಕೊಂಡು ಓಯ್ತೀನಿ. ಸಂಜೆಗೆ ವಾಪಸ್ಸು ಮನೆಗೆ ತಂದ್ಬುಡ್ತೀನಿ."

ಸಿದ್ದಮಲ್ಲಪ್ಪನವರು ಕಾಫಿ ಲೋಟ ಕೆಳಗಿಟ್ಟರು.

"ವಾಪಸ್ಸಾ?"

"ನನ್ ಜವಾಬ್ದಾರಿ. ಎಷ್ಟೊತ್ತಾದ್ರೂ ವಾಪಸ್ಸು ತರ್ತೀನಿ."

ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೋಗುವಾಗ ಗೇಟಿನಲ್ಲಿ ಜವರಯ್ಯನ ಕೈ ಹಿಡಿದು, "ಪಾಪ, ತಾಯಿ ಚಿಂತೇಲಿ ಇವನ್ಗೂ ತಲೆ ಸರಿ ಇಲ್ಲ," ಎಂದರು.

ಭಾನುವಾರ ನಂದಿತಾ ಗೃಹಪ್ರವೇಶದ ಕೆಲಸಕ್ಕೆ ಕೈಜೋಡಿಸಲು ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋದಳು. ಹೋಗುವ ಮುಂಚೆ, "ಹತ್ತೂಕಾಲು," ಎಂದಳು. "ಗುಜರಿಯವನ ನಂಬರು ನನ್ನ ಫೋನಿನಲ್ಲಿದೆ."

ಸೋಮವಾರ ಬೆಳಗ್ಗೆ ಚಿಕ್ಕಮಾದು ಎರಡು ಬಾಳೆಕಂಬ ತಂದು ಪೈಪಿಗೆ ಕಟ್ಟಿದ. ಹೊಸ ಗಾಡಿಯ ಮೊದಲ ಓಡಾಟ, ಪೂಜೆ ಬೇಡವೆ? ಚೆಂಡುಹೂವಿನ ಮಾಲೆ ಕಮಾನಿಗೂ ಬಿತ್ತು, ಮಿಕ್ಕಿದ ಮಾಲೆಯನ್ನು ಅವ್ವ ತಾನೇ ಕೇಳಿ ಹಾಕಿಕೊಂಡಳು. ಹಣೆಗೆ ಅಗಲವಾಗಿ ವಿಭೂತಿ. ಏಣಿಯ ಮೇಲೆ ಕಾಲಿಡುವಾಗ ಒಮ್ಮೆ ನರಳಿದಳು. ಕುರ್ಚಿಯಲ್ಲಿ ಕೂತ ಮೇಲೆ ಅತ್ತಿತ್ತ ನೋಡಿ, "ಎತ್ತಿನ ಗಾಡಿಗಿಂತ ಎತ್ರ ಅದೆ ಕಣ್ಲಾ. ಎಲ್ಲಾರ ಅಟ್ಟಾನೂ ಕಾಣ್ತದೆ," ಎಂದು ಬೆಲ್ಟು ಹಾಕಿಸಿಕೊಂಡಳು. ಪ್ರಯಾಣದ ಸಂಭ್ರಮಕ್ಕೆ ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಗಾಡಿ ತೊಟ್ಟಿಲಿನಂತೆ ತೂಗತೊಡಗಿದ್ದೇ ತಡ, ಬೀದಿಯ ತುದಿ ಬರುವಷ್ಟರಲ್ಲಿ ನಿದ್ದೆ ಹೋದಳು. ಚಿಕ್ಕಮಾದು ತೊಟ್ಟಿಯ ಮೂಲೆಯಲ್ಲಿ ಕಾವಲಿಗೆ ಕೂತ. ಅಮೃತೇಶ ಕಾನೂನಿನ ಪ್ರಕಾರ ಫೋನನ್ನು ಆಫ್ ಮಾಡಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ವೇಗದಲ್ಲಿ ಹೊರಟ. ಪ್ರತಿ ಗುಂಡಿಗೂ ಗಂಟೆ ತನ್ನಷ್ಟಕ್ಕೆ ಢಣ್ ಎನ್ನುತ್ತಿತ್ತು.

ಹುಲ್ಲಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಹೋಟೆಲಿನ ಹಾಡು ನಿಂತಿತು. ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಹಿಡಿದು ಎದ್ದರು. ಹೊರಡಲಿದ್ದ ಬಸ್ಸಿನ ಡ್ರೈವರ್ ಇಂಜಿನ್ ಆಫ್ ಮಾಡಿ ಕೈ ಮುಗಿದ. ತನ್ನ ವೆಲ್ಡಿಂಗಿಗೆ ಸಿಕ್ಕ ಮರ್ಯಾದೆಯೆಂದು ಚಿಕ್ಕಮಾದು ಎಡಕ್ಕೂ ಬಲಕ್ಕೂ ಕೈ ಮುಗಿದ. ಟೀ ಅಂಗಡಿಯಿಂದ ಜವರಯ್ಯ ಓಡಿಬಂದು ಕಿಟಕಿ ಹಿಡಿದು ಗಾಡಿಯ ಜೊತೆ ನಡೆಯತೊಡಗಿದ.

"ಅಯ್ಯೋ ಅಮೃತೇಶ, ಕಷ್ಟ ಪಟ್ಟಳೇನಪ್ಪ?"

"ಏನಿಲ್ಲ ಜವರಣ್ಣ. ಅತ್ಸೋವಾಗ ಒಂದ್ಸಲ ನರಳಿದ್ಲು, ಅಷ್ಟೇ. ಆಮೇಲೆ ಆರಾಮಾಗಿ ಕಣ್ಮುಚ್ಕಂಡ್ಲು."

"ಪುಣ್ಯವಂತೆ! ಈಗ ಎಲ್ಗೆ?"

"ನರಸೀಪುರಕ್ಕೆ, ಚಿಕ್ಕವ್ವನ ಒಸಾ ಮನೆಗೆ. ಮೊದ್ಲು ಅಲ್ಗೇ ಕರ್ಕೊಂಡೋಗು ಅಂತ ಒಂದೇ ಹಟ ಮಾಡಿದ್ಲು."

ಜವರಯ್ಯ ಅಲ್ಲೇ ನಿಂತು, ಕಣ್ಣೊರೆಸಿ, ಬರೆದುಕೊಂಡಿದ್ದ ನಂಬರಿಗೆ ಫೋನು ಹಚ್ಚಿದ.

ನಂಜನಗೂಡಿನ ಸೇತುವೆಯ ಬಳಿ ಪೊಲೀಸರಿದ್ದರು. ತೊಟ್ಟಿಯಲ್ಲಿ ಜನರನ್ನು ಕೂರಿಸುವುದು ತಪ್ಪು ಎಂಬ ಅಳುಕು ವಾರದಿಂದ ಅಮೃತೇಶನನ್ನು ತಿನ್ನುತ್ತಿತ್ತು. ಕೈ ಮಾಡುವ ಮೊದಲೇ ಗಾಡಿ ನಿಲ್ಲಿಸಿ, ಇಳಿದು, ಫೈಲು ಬಿಚ್ಚಿ, ತಾನೇ ಬರೆದ ಮನವಿಯನ್ನು ಹಿರಿಯ ಪೊಲೀಸಪ್ಪನ ಕೈಗಿಟ್ಟ. ಅದರಲ್ಲಿ ಹೀಗಿತ್ತು:

'ವಿಷಯ: ನನ್ನ ತಾಯಿಯವರನ್ನು ಪಿಕಪ್ ವಾಹನದ ಹಿಂಭಾಗದಲ್ಲಿ ಕರೆದೊಯ್ಯುತ್ತಿರುವ ಬಗ್ಗೆ. ಮಾನ್ಯರೇ, ನನ್ನ ತಾಯಿಯವರು ಮುಂದೆ ಕೂರುವ ಸ್ಥಿತಿಯಲ್ಲಿ ಇಲ್ಲದಿರುವುದರಿಂದ, ಅವರ ಬಹುದಿನದ ಕೋರಿಕೆಯಂತೆ ಒಡಹುಟ್ಟಿದವರ ಬಳಿಗೆ ಕರೆದೊಯ್ಯಲಾಗುತ್ತಿದೆ. ಯಾವುದೇ ಲೋಪವಾಗಿದ್ದಲ್ಲಿ ಮನ್ನಿಸಬೇಕಾಗಿ ಪ್ರಾರ್ಥನೆ.'

ಪೊಲೀಸಪ್ಪ ಓದಿದರು. ತಲೆಯೆತ್ತಿ ತೊಟ್ಟಿಯನ್ನು ನೋಡಿದರು. ನಿಧಾನವಾಗಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ಇದ್ಕೆಲ್ಲಾ ಅರ್ಜಿ ಯಾಕ್ರೀ? ನಾವೂ ತಾಯಿ ಒಟ್ಟೇಲಿ ಉಟ್ಟವ್ರೇ." ಅವನ ಭುಜ ಒತ್ತಿ, "ಧೈರ್ಯ ತಂದ್ಕೊಳ್ಳಿ. ನಿಧಾನಕ್ಕೆ ಓಗಿ," ಎಂದು ಸೀಟಿ ಊದಿ ಎದುರಿನ ಲಾರಿ, ಬಸ್ಸು, ಆಟೋಗಳನ್ನೆಲ್ಲ ತಡೆದು ನಿಲ್ಲಿ‌ಸಿದರು.

ಸಂಜೆ ಕಾಲೇಜಿಗೆ ಹೋಗುತ್ತಿದ್ದ ಕಾಲದಿಂದ ಆ ಸೇತುವೆಯ ಮೇಲೆ ಅಮೃತೇಶನಿಗೆ ಯಾರೂ ದಾರಿ ಬಿಟ್ಟಿರಲಿಲ್ಲ. ಇಡೀ ರಸ್ತೆ ಅವನೊಬ್ಬನಿಗೆ ತೆರೆದುಕೊಂಡಿತು. ಅವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಮುಂದೆಯೂ ಹಾಗೆಯೇ. ಕಬ್ಬಿನ ಟ್ರ್ಯಾಕ್ಟರ್ ಗದ್ದೆಗೆ ಇಳಿದು ದಾರಿ ಕೊಟ್ಟಿತು. ಹಿಂದೆ ಬಂದ ಕಾರು ಹಾರನ್ನು ಮಾಡದೆ, ಓವರ್‌ಟೇಕ್ ಮಾಡದೆ, ಎರಡು ಮೈಲಿ ತಲೆ ತಗ್ಗಿಸಿಕೊಂಡು ಬಂತು. ಅದರ ಹಿಂದೆ ಇನ್ನೊಂದು. ಹದಿನಾರು ಎಂಬ ಊರು ಹತ್ತಿರವಾಗುವಾಗ ಅವನ ಹಿಂದೆ ಹನ್ನೊಂದು ಗಾಡಿಗಳಿದ್ದವು. ಅರವತ್ತೆಂಟರ ಮಾಡೆಲ್ಲಿಗೆ ನಾಡಿನಲ್ಲಿ ಇಷ್ಟು ಅಭಿಮಾನಿಗಳಿರುವುದು ತಿಳಿದು ಅವನಿಗೆ ಕಣ್ಣು ತುಂಬಿ ಬಂತು. ಕಿಟಕಿಯಿಂದ ನೋಡಿದವರು ಅವನ ಕಣ್ಣೀರನ್ನೂ ಕಂಡರು.

ಹದಿನಾರು ದಾಟಿ ಒಂದು ತಿರುವಿನಲ್ಲಿ ಎದುರಿನಿಂದ ಬಿಳಿಯ ವ್ಯಾನೊಂದು ಬಂದು ಧಡಕ್ಕನೆ ಅಡ್ಡ ನಿಂತಿತು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಅಳು ಕೇಳಿತು. ಮೊದಲು ಇಳಿದವಳು ದೇವೀರಮ್ಮ, ಹಿಂದೆ ಜರಿ ಪಂಚೆಯಲ್ಲಿ ಶಿವರಾಜು, ಅವನ ಹಿಂದೆ ನಂದಿತಾ, ಕೈಯಲ್ಲಿ ಇನ್ನೂ ಪಾಯಸದ ಸೌಟು.

"ಅಕ್ಕಯ್ಯಾ! ಹಾಲು ಉಕ್ಸಾಕೆ ಬತ್ತೀನಿ ಅಂದು ಇಂಗ್ ಬಂದ್ಯಲ್ಲೇ ಅಕ್ಕಯ್ಯಾ!" ಎಂದು ದೇವೀರಮ್ಮ ತೊಟ್ಟಿಯ ಅಂಚು ಹಿಡಿದು ಹಣೆ ಚಚ್ಚಿಕೊಂಡಳು.

"ನಿನ್ನೆ ಮಧ್ಯಾಹ್ನ ಎರಡು ರೊಟ್ಟಿ ತಿಂದ್ರಲ್ಲ ಅತ್ತೆ!" ಎಂದು ನಂದಿತಾ ಬಿಕ್ಕಿದಳು. ಗಂಡನ ಕಡೆ ತಿರುಗಿ, "ಫೋನ್ ಯಾಕ್ರೀ ಆಫ್ ಮಾಡಿದ್ರಿ? ನಾನೊಬ್ಬಳು ಸೊಸೆ ಅಂತ ಇರಲಿಲ್ವಾ?"

"ಗಾಡಿ ಓಡಿಸೋವಾಗ ಮಾತಾಡಬಾರದು ನಂದಿತಾ," ಎಂದ ಅಮೃತೇಶ. ಅವನಿಗೆ ಏನೂ ತಿಳಿಯದೆ, ಯಾರೋ ಸತ್ತಿರಬೇಕೆಂದು ಮಾತ್ರ ತಿಳಿದು, ಯಾರೆಂದು ಕೇಳಲು ಹೆದರಿಕೆಯಾಗಿ ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಹಿಂದಿನ ಹನ್ನೊಂದು ಗಾಡಿಯವರೂ ಇಳಿದು ಸುತ್ತ ನೆರೆದರು. ಶಿವರಾಜು ಪೈಪಿಗೆ ತಲೆ ಒರಗಿಸಿ, "ನಾನ್ ಕಾರು ಕಳ್ಸಿದ್ರೆ ಇಂಗಾಯ್ತಿರ್ಲಿಲ್ಲ ದೊಡ್ಡವ್ವ," ಎಂದು ಗೋಳಾಡಿದ.

ಢಣ್.

ಎಲ್ಲರೂ ತಲೆಯೆತ್ತಿದರು.

ಢಣ್. ಢಣ್.

ಅಮೃತೇಶ ಮಾತ್ರ ಗಾಬರಿಯಾಗಲಿಲ್ಲ. ಮೂರು ಸಲ. ಪುಸ್ತಕದಲ್ಲಿ ಇದ್ದದ್ದೇ. ಡ್ಯಾಶ್‌ಬೋರ್ಡಿನಿಂದ ಎಲೆ ಅಡಿಕೆಯ ಡಬ್ಬಿ ತೆಗೆದು, ಕೆಳಗಿಳಿದು, ಜನರನ್ನು ಬಿಡಿಸಿಕೊಂಡು ಹೋಗಿ ತೊಟ್ಟಿಯೊಳಗೆ ಕೈ ಚಾಚಿದ.

"ತಗೋ ಅವ್ವ. ಸುಣ್ಣ ಒಸಿ ಜಾಸ್ತಿ ಆಯ್ತು."

ಚನ್ನಾಜಮ್ಮ ಎಲೆಯನ್ನು ದವಡೆಗೆ ಸೇರಿಸಿ, ಹಣೆಯ ಪಟ್ಟಿ ಸರಿಸಿ, ಕೆಳಗೆ ನೋಡಿದಳು.

"ಯಾರ್ಲಾ ಅದು, ದೇವೀರಿನಾ? ಫೋನ್ನಾಗೆ ನೋಡಿದ್ ಮುದುಕಿ ನೀನೇಯಾ? ಅಲ್ಲಾ ಕಣೇ, ನೀನ್ ಇಲ್ಲಿದ್ರೆ ಅಲ್ಲಿ ಹಾಲು ಯಾರ್ ನೋಡ್ಕತಾವ್ರೆ?"

ದೇವೀರಮ್ಮ ಹಣೆ ಚಚ್ಚಿಕೊಳ್ಳುವುದನ್ನು ಬಿಟ್ಟು, "ಬೈತಾವ್ಳೆ! ನಮ್ಮಕ್ಕನೇ ಕಣ್ರಪ್ಪ!" ಎಂದು ಮೊದಲಿಗಿಂತ ಜೋರಾಗಿ ಅಳತೊಡಗಿದಳು.

ನಂದಿತಾ ಸೌಟು ಹಿಡಿದ ಕೈಯಿಂದಲೇ ಕುರ್ಚಿ ತೋರಿಸಿದಳು, ಬೆಲ್ಟು ತೋರಿಸಿದಳು, ಕಮಾನು, ಬಾಳೆಕಂಬ, ಗಂಟೆ ತೋರಿಸಿದಳು, ಕೊನೆಗೆ ಕಳಸ. ಅಮೃತೇಶ ಒಂದೊಂದನ್ನೂ ನೋಡಿದ. ಹತ್ತು ಹೆಜ್ಜೆ ಹಿಂದೆ ಹೋಗಿ ಮತ್ತೆ ನೋಡಿದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನಿಗೆ ಗಾಡಿಯ ಆಕಾರ ಕಂಡಿತು.

"ಕಳಸ ನಾನಲ್ಲ," ಎಂದ ಸಣ್ಣದನಿಯಲ್ಲಿ. "ಚಿಕ್ಕಮಾದು."

ಒಂಬತ್ತೂವರೆಯಾಗಿತ್ತು. ಹತ್ತೂಕಾಲಿಗೆ ಹಾಲು. ಶಿವರಾಜು ಅವಸರದಲ್ಲಿ ವ್ಯಾನು ತಿರುಗಿಸಲು ಹೋಗಿ ಹಿಂದಿನ ಎರಡೂ ಚಕ್ರಗಳನ್ನು ಗದ್ದೆಯ ಕೆಸರಿಗೆ ಇಳಿಸಿದ. ಮೂರಂತಸ್ತಿನ ಮನೆಯ ಯಜಮಾನ ಜರಿ ಪಂಚೆ ಎತ್ತಿಕಟ್ಟಿ ಅಮೃತೇಶನ ಮುಖ ನೋಡಿದ.

"ಗಾಡಿ ಅತ್ತು ಶಿವರಾಜಣ್ಣ," ಎಂದ ಅಮೃತೇಶ. "ಮುಂದೆ ಇಬ್ರಿಗೆ ಜಾಗ ಅದೆ."

ದೇವೀರಮ್ಮ ಏಣಿ ಹತ್ತಿ ಅಕ್ಕನ ಕಾಲಬಳಿ ಕೂತಳು. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರು. ಹತ್ತು ಗಂಟೆ ಎಂಟು ನಿಮಿಷಕ್ಕೆ ಪಿಕಪ್ಪು ಹೊಸ ಮನೆಯ ಚಪ್ಪರದ ಮುಂದೆ ಬಂತು. ನೆಂಟರೆಲ್ಲ ಎದ್ದು ನಿಂತರು. ಅಯ್ಯನವರು ಮಂತ್ರ ನಿಲ್ಲಿಸಿ, ಇನ್ನೊಂದು ಮಂತ್ರ ಶುರು ಮಾಡಲೋ ಬೇಡವೋ ಎಂದು ಶಿವರಾಜುವಿನ ಮುಖ ನೋಡಿದರು. ಚನ್ನಾಜಮ್ಮ ಒಂದು ಸಲ ಗಂಟೆ ಬಾರಿಸಿದಳು. ಗಾಡಿ ನಿಂತಿತು.

"ಒಲೆ ಅಚ್ಚಿದ್ದೀರಾ ಇಲ್ವಾ?" ಎಂದಳು.

ಹಾಲು ಉಕ್ಕಿತು. ಪೂರ್ವದಿಕ್ಕಿಗೇ ಉಕ್ಕಿತು ಎಂದು ಎಲ್ಲರೂ ಹೇಳಿದರು. ಊಟದಲ್ಲಿ ಅವ್ವ ಮೂರು ಸಲ ಪಾಯಸ ಹಾಕಿಸಿಕೊಂಡಳು. ಅವಳು ಪಾಯಸ ತಿನ್ನುವುದನ್ನು ನೋಡಲು ಬೀದಿಯ ಜನವೂ ಬಂದರು.

ಮಂಗಳವಾರ ಬೆಳಗ್ಗೆ ಅಮೃತೇಶ ಬೇಗ ಎದ್ದು ಸ್ಪ್ಯಾನರ್ ತೆಗೆದುಕೊಂಡು ಅಂಗಳಕ್ಕೆ ಬಂದ. ನಂದಿತಾ ತುಳಸಿಯ ಬಳಿ ನಿಂತಿದ್ದಳು.

"ಗುಜರಿಯವನಿಗೆ ಬರಬೇಡ ಅಂತ ಹೇಳಿದೀನಿ," ಎಂದಳು. "ಮಾತು ಮಾತೇ, ಹೊತ್ತಿಗೆ ಮುಟ್ಟಿಸಿದ್ರಿ. ಆದ್ರೆ ಆ ಕುರ್ಚಿ, ಆ ಕಮಾನು ಇವತ್ತೇ ಕಿತ್ತು ಹಾಕಿ. ನನಗೆ ಊರಲ್ಲಿ ತಲೆ ಎತ್ತಿ ತಿರುಗೋಕಾಗಲ್ಲ."

ಅವನು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ. ಫೋನು ಬಂತು. ಸಿದ್ದಮಲ್ಲಪ್ಪನವರು.

"ಅಮೃತೇಶಪ್ಪ, ವಿಷ್ಯ ಎಲ್ಲ ಗೊತ್ತಾತು. ನಮ್ಮಣ್ಣನ್ಗೂ ಏಳ್ದೆ. ಕೇಳಿ ನಕ್ಕರು ಕಣಪ್ಪ, ಆರು ತಿಂಗ್ಳಾದ್ಮೇಲೆ. ಎದ್ದು ಕುಂತವ್ರೆ. ನನ್ ಗಾಡೀಲಿ ನನ್ನ ಕುಂಡ್ರುಸ್ಕೊಂಡು ಕಬಿನಿ ಡ್ಯಾಮು ತೋರ್ಸು ಅಂತ ಒಂದೇ ಹಟ." ಆಮೇಲೆ ದನಿ ತಗ್ಗಿಸಿ, "ವಾಪಸ್ಸು ಕರ್ಕಬತ್ತೀಯ ತಾನೆ?" ಎಂದರು.

"ನನ್ ಜವಾಬ್ದಾರಿ," ಎಂದ ಅಮೃತೇಶ.

ಜಗಲಿಯ ಮೇಲಿಂದ ಚನ್ನಾಜಮ್ಮ ಕೇಳಿಸಿಕೊಳ್ಳುತ್ತಿದ್ದಳು. ಆ ದಿನದ ಹಾಲು ಮತ್ತೆ ನೀರಾಗಿತ್ತು, ಮಂಚಮ್ಮ ಚೊಂಬನ್ನು ಮತ್ತೆ ಈಸಿಕೊಂಡು ಹೋಗಿದ್ದಳು. ಆದರೂ ಅವಳ ಮುಖ ತಿಳಿಯಾಗಿತ್ತು.

"ಲೋ, ಆ ಬೋಲ್ಟು ಬುಡು," ಎಂದಳು. "ಏನೂ ಬಿಚ್ಚಕೂಡ್ದು. ನನ್ ಅಳ್ತೆ ತಗಂಡು ಮಾಡಿರೋದು. ಶಿವಮಲ್ಲಪ್ಪನೋರು ಓಗ್ಬರ್ಲಿ, ನಾನೂ ತಿಂಗ್ಳಿಗೊಂದ್ ಕಿತ ದೇವೀರಿ ಮನೇಗೆ ಓಗ್ಬತ್ತೀನಿ. ಕೊನೇಗೊಂದಿನ ಅದೆಯಲ್ಲಾ, ಅವತ್ತೂ ಇದ್ರಲ್ಲೇ. ಈಗ್ಲೇ ಬರ್ಕೊ. ಬ್ಯಾರೆಯೋರ್ಗೆ ಕೊಟ್ಟೀಯೆ."

ನಂದಿತಾ ಒಳಗೆ ಹೋಗಿ ರಂಗೋಲಿಯ ಡಬ್ಬಿ ತಂದು, ಪಿಕಪ್ಪಿನ ಮುಂದೆ ಉಳಿದಿದ್ದ ಎರಡಡಿ ಜಾಗದಲ್ಲಿ ಚುಕ್ಕಿ ಇಡತೊಡಗಿದಳು.

ಅಮೃತೇಶ ಸ್ಪ್ಯಾನರ್ ಕೆಳಗಿಟ್ಟ. ನೋಟುಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿ, ಅಡ್ಡಪಟ್ಟಿ ಇಟ್ಟು ಮೂರು ಕಾಲಂ ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ಬರೆದ:

೧. ಶಿವಮಲ್ಲಪ್ಪನವರು, ಕವಲಂದೆ. ಕಬಿನಿ ಡ್ಯಾಮು. ಹೋಗಿ ಬರುವುದು. ದಿನಾಂಕ: ಬರುವ ಭಾನುವಾರ.

೨. ಚನ್ನಾಜಮ್ಮನವರು, ಹುಲ್ಲಹಳ್ಳಿ. ಹೋಗುವುದು ಮಾತ್ರ. ದಿನಾಂಕ: ನಂತರ ತಿಳಿಸಲಾಗುವುದು.